ರಬ್ಬರಿನಲ್ಲಿ ಕೆತ್ತಿದ ಶುಭಾಶಯ

ಸಂಕ್ರಾಂತಿಯ ದಿನ ಮನೆಯವರ ಸ್ನಾನ ಮುಗಿಯುವ ಮೊದಲೇ ಮೊಬೈಲಿನಲ್ಲಿ ಶುಭಾಶಯಗಳು ಬಂದು ಕುಳಿತಿರುತ್ತವೆ. ಅದೇ ಗಾಳಿಪಟ, ಅದೇ ಕಬ್ಬಿನ ಜಲ್ಲೆ, ಅದೇ ಉಕ್ಕುವ ಗಡಿಗೆ. ಚಿಕ್ಕಪ್ಪ ಕಳಿಸಿದ ಚಿತ್ರವನ್ನೇ ಪಕ್ಕದ ಮನೆಯವರೂ ಕಳಿಸಿರುತ್ತಾರೆ. ಪಕ್ಕದ ಮನೆಯವರು ಕಳಿಸಿದ್ದನ್ನೇ ಹಾಲಿನವನೂ ಕಳಿಸಿರುತ್ತಾನೆ. ಬಂದದ್ದನ್ನು ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿದರೆ ಮುಗಿಯಿತು, ಹಬ್ಬದ ಲೆಕ್ಕ ಚುಕ್ತಾ. ಕಳಿಸಿದವರಿಗೆ ಕಳಿಸಿದ ನೆನಪಿಲ್ಲ, ಪಡೆದವರಿಗೆ ಪಡೆದ ನೆನಪಿಲ್ಲ. ಸಂಜೆಯ ಹೊತ್ತಿಗೆ 'ಜಾಗ ಸಾಲದು' ಎಂದು ಫೋನು ಗೊಣಗುತ್ತದೆ. ಎಲ್ಲವನ್ನೂ ಒಟ್ಟಿಗೆ ಅಳಿಸಿ ಹಾಕಲಾಗುತ್ತದೆ.

ಇದನ್ನು ಕಂಡು 'ನಮ್ಮ ಕಾಲದಲ್ಲಿ ಹೀಗಿರಲಿಲ್ಲ' ಎಂದು ಹಿರಿಯರು ನಿಟ್ಟುಸಿರು ಬಿಡುವುದುಂಟು. ಆದರೆ ಸಿದ್ಧ ಶುಭಾಶಯ ಈ ಕಾಲದ ಹುಡುಗರು ಕಂಡುಹಿಡಿದ ಪಾಪವೇನೂ ಅಲ್ಲ. ತಂತಿ ಕಚೇರಿಗಳಿದ್ದ ಕಾಲದಲ್ಲಿ ಹಬ್ಬಕ್ಕೊಂದು, ಮದುವೆಗೊಂದು, ಪರೀಕ್ಷೆ ಪಾಸಾದದ್ದಕ್ಕೊಂದು ಎಂದು ಸಿದ್ಧ ವಾಕ್ಯಗಳ ಪಟ್ಟಿಯೇ ಇತ್ತು. ಪ್ರತಿ ವಾಕ್ಯಕ್ಕೂ ಒಂದು ಸಂಖ್ಯೆ. ಗುಮಾಸ್ತರಿಗೆ ಸಂಖ್ಯೆ ಹೇಳಿದರೆ ಸಾಕು, ಆ ಕಡೆ ಪೂರ್ತಿ ಶುಭಾಶಯ ತಲುಪುತ್ತಿತ್ತು. 2013ರ ಜುಲೈನಲ್ಲಿ ತಂತಿ ಸೇವೆಯೇ ನಿಂತುಹೋಯಿತು. ಸಂಖ್ಯೆ ಹೋಗಿ ಚಿತ್ರ ಬಂದಿದೆ, ಅಷ್ಟೇ ವ್ಯತ್ಯಾಸ.

ಇನ್ನೂ ಹಿಂದಕ್ಕೆ ಹೋದರೆ, ಅಂಗಡಿಯಲ್ಲಿ ಮಾರುವ ಕ್ರಿಸ್‌ಮಸ್ ಶುಭಾಶಯ ಪತ್ರ ಹುಟ್ಟಿದ್ದೇ ಸಮಯ ಉಳಿಸಲು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬ ಸರ್ಕಾರಿ ಅಧಿಕಾರಿಗೆ ಕ್ರಿಸ್‌ಮಸ್ ಸಮಯದಲ್ಲಿ ಎಲ್ಲರಿಗೂ ಒಂದೊಂದು ಕಾಗದ ಬರೆಯುವಷ್ಟು ಪುರುಸೊತ್ತಿರಲಿಲ್ಲ. ಜಾನ್ ಹಾರ್ಸ್‌ಲಿ ಎಂಬ ಚಿತ್ರಕಾರರಿಂದ ಒಂದು ಚಿತ್ರ ಬರೆಸಿ, ಅಚ್ಚು ಹಾಕಿಸಿ, ಹೆಸರು ತುಂಬಿ ಕಳಿಸಿದರು. ಮಿಕ್ಕ ಪ್ರತಿಗಳನ್ನು ಒಂದೊಂದು ಶಿಲಿಂಗಿಗೆ ಮಾರಾಟಕ್ಕಿಟ್ಟರು. ಅದೇ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಹೊರಬಂತು ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ.

ಹಾಗಾದರೆ ಶುಭಾಶಯ ಸಾವಿರ ಜನಕ್ಕೆ ಒಂದೇ ಆಗಿರುವುದು ದೋಷವೇ? ಅದೊಂದೇ ಅಲ್ಲ. ಕಳಿಸುವವರ ಕೈ ಅದರಲ್ಲಿ ಎಲ್ಲಿಯೂ ತಾಗದಿರುವುದು ನಿಜವಾದ ಕೊರತೆ. ಈ ಕೊರತೆಗೆ ಒಂದು ಸುಲಭ ಪರಿಹಾರ ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲೇ ಬಿದ್ದಿದೆ. ಅದು ಪೆನ್ಸಿಲ್ ಅಳಿಸುವ ರಬ್ಬರು.

ಉಜ್ಜುವ ರಬ್ಬರು, ಒತ್ತುವ ರಬ್ಬರು

ಒಂದು ರಬ್ಬರಿನ ಮೇಲೆ ಪುಟ್ಟ ಚಿತ್ರ ಕೆತ್ತಿ, ಅದನ್ನು ಶಾಯಿಯ ಪ್ಯಾಡಿಗೆ ಒತ್ತಿ, ಮಡಿಸಿದ ದಪ್ಪ ಹಾಳೆಯ ಮೇಲೆ ಮುದ್ರೆ ಹಾಕಿದರೆ ಶುಭಾಶಯ ಪತ್ರವಾಯಿತು. ಒಂದೇ ಅಚ್ಚಿನಿಂದ ಹತ್ತು ಕಾರ್ಡು ಮಾಡಬಹುದು. ಆದರೆ ಹತ್ತೂ ಒಂದೇ ಥರ ಇರುವುದಿಲ್ಲ. ಒಂದರಲ್ಲಿ ಶಾಯಿ ದಟ್ಟ, ಇನ್ನೊಂದರಲ್ಲಿ ತೆಳು, ಮತ್ತೊಂದು ಸ್ವಲ್ಪ ಓರೆ. ಅಚ್ಚು ಒಂದೇ ಆದರೂ ಪ್ರತಿ ಸಲ ಒತ್ತುವ ಕೈ ಬೇರೆಯಾಗುತ್ತದೆ.

ಈ ರಬ್ಬರಿಗೂ ಒಂದು ಚರಿತ್ರೆಯಿದೆ. ಮೊದಲು ಸೀಸದ ಕಡ್ಡಿಯ ಗೀಟು ಅಳಿಸಲು ಬ್ರೆಡ್ಡಿನ ಚೂರು ಬಳಸುತ್ತಿದ್ದರು. ಒಂದು ಮರದ ಹಾಲಿನಿಂದಾದ ಅಂಟು ಪದಾರ್ಥ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆಂದು 1770ರಲ್ಲಿ ಬರೆದಿಟ್ಟವರು ಜೋಸೆಫ್ ಪ್ರೀಸ್ಟ್ಲಿ. ಆಮ್ಲಜನಕದ ಪಾಠದಲ್ಲಿ ಮಕ್ಕಳು ಓದುವ ಪ್ರೀಸ್ಟ್ಲಿ ಇವರೇ. ಇಂಗ್ಲಿಷಿನಲ್ಲಿ 'ರಬ್' ಎಂದರೆ ಉಜ್ಜು. ಉಜ್ಜುವ ಕೆಲಸದಿಂದಲೇ ಆ ವಸ್ತುವಿಗೆ 'ರಬ್ಬರ್' ಎಂಬ ಹೆಸರು ಅಂಟಿಕೊಂಡಿತು.

ಹಸಿ ರಬ್ಬರಿನದು ಚಂಚಲ ಸ್ವಭಾವ. ಬೇಸಿಗೆಯಲ್ಲಿ ಮೆತ್ತಗಾಗಿ ಅಂಟುತ್ತದೆ, ಚಳಿಯಲ್ಲಿ ಬಿರುಸಾಗುತ್ತದೆ. ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಗಟ್ಟಿಯಾಗಿಯೂ ಪುಟಿಯುವಂತೆಯೂ ಇರುತ್ತದೆಂದು 1839ರಲ್ಲಿ ಕಂಡುಕೊಂಡವರು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ರಬ್ಬರಿನ ಉದ್ದುದ್ದ ಅಣುಗಳ ನಡುವೆ ಗಂಧಕವು ಏಣಿಯ ಮೆಟ್ಟಿಲುಗಳಂತೆ ಕೂತು, ಅವು ಒಂದರ ಮೇಲೊಂದು ಜಾರದಂತೆ ಹಿಡಿಯುತ್ತದೆ. ಇದೇ ವಲ್ಕನೀಕರಣ. ಆ ಕಾಲದ ಹಲ್ಲಿನ ವೈದ್ಯರು ಕಟ್ಟುಹಲ್ಲಿನ ವಸಡನ್ನು ಇಂಥ ರಬ್ಬರಿನಲ್ಲಿ ತಯಾರಿಸುತ್ತಿದ್ದರು. ಅವರ ಪುಟ್ಟ ಕಾಯಿಸುವ ಪಾತ್ರೆಗಳೇ 1860ರ ದಶಕದಲ್ಲಿ ರಬ್ಬರ್ ಸ್ಟಾಂಪ್ ತಯಾರಿಸಲೂ ಒದಗಿದವು. ತಾಲ್ಲೂಕು ಕಚೇರಿಯಲ್ಲಿ ಅರ್ಜಿಯ ಮೇಲೆ ಧಡ್ಡೆಂದು ಬೀಳುವ ಮೊಹರಿನ ಮೂಲಪುರುಷ ಹಲ್ಲಿನ ಸೆಟ್ಟು ಎಂದರೆ ನಗು ಬರುವುದಿಲ್ಲವೇ?

ಇನ್ನೊಂದು ಸಂಗತಿ. ಇಂದು ಅಂಗಡಿಯಲ್ಲಿ ಸಿಗುವ ಬಿಳಿಯ ಮೆತ್ತನೆಯ ರಬ್ಬರುಗಳಲ್ಲಿ ಅನೇಕವು ರಬ್ಬರೇ ಅಲ್ಲ. ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿಗೆ ಮೆದುಗೊಳಿಸುವ ಎಣ್ಣೆಯಂಥ ರಾಸಾಯನಿಕ ಬೆರೆಸಿ ಮಾಡಿದವು. ಬೇಸಿಗೆ ರಜೆ ಮುಗಿಸಿ ಕಂಪಾಸು ಪೆಟ್ಟಿಗೆ ತೆರೆದಾಗ ರಬ್ಬರು ಪ್ಲಾಸ್ಟಿಕ್ ಸ್ಕೇಲಿಗೆ ಅಂಟಿಕೊಂಡಿರುವುದನ್ನು ಎಲ್ಲ ಮಕ್ಕಳೂ ಕಂಡಿದ್ದಾರೆ. ಆ ರಾಸಾಯನಿಕ ಮೆಲ್ಲಗೆ ಹೊರಬಂದು ಸ್ಕೇಲನ್ನು ಮೆದುಗೊಳಿಸಿದ್ದರ ಫಲ ಅದು. ಕೆತ್ತಿದ ಅಚ್ಚನ್ನು ಕಾಗದದಲ್ಲಿ ಸುತ್ತಿಡಬೇಕು ಎನ್ನುವುದು ಇದಕ್ಕೇ.

ಕನ್ನಡಿಯ ಪಾಠ

ಮೊದಲ ಸಲ ಅಚ್ಚು ಕೆತ್ತುವವರೆಲ್ಲ ಎಡವುವ ಜಾಗ ಒಂದೇ. ರಬ್ಬರಿನ ಮೇಲೆ ನೇರವಾಗಿ ಬರೆದ ಅಕ್ಷರ ಕಾಗದದ ಮೇಲೆ ತಿರುಗಿ ಬೀಳುತ್ತದೆ. ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಕಾಗದದ ಮೇಲೆ ಸರಿಯಾಗಿ ಕಾಣಬೇಕಾದರೆ ಅಚ್ಚಿನ ಮೇಲೆ ತಿರುಗಿಯೇ ಇರಬೇಕು. ಆಂಬುಲೆನ್ಸಿನ ಹಣೆಯ ಮೇಲೆ ಹೆಸರನ್ನು ತಿರುಗಿಸಿ ಬರೆದಿರುವುದೂ ಇಂಥದೇ ಲೆಕ್ಕ. ಮುಂದಿನ ವಾಹನದವರು ಕನ್ನಡಿಯಲ್ಲಿ ನೋಡಿದಾಗ ಅದು ನೇರವಾಗುತ್ತದೆ.

ಕೆಲವು ಅಕ್ಷರಗಳಿಗೆ ಈ ಚಿಂತೆಯಿಲ್ಲ. ತಲೆಕಟ್ಟಿನ ಕೊಂಕನ್ನು ಬಿಟ್ಟರೆ ನಮ್ಮ 'ಠ' ಎತ್ತ ತಿರುಗಿಸಿದರೂ 'ಠ'ವೇ. ಸೊನ್ನೆಯೂ ಹಾಗೆಯೇ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಎ, ಎಚ್, ಐ, ಎಂ, ಒ, ಟಿ, ಯು, ವಿ, ಡಬ್ಲ್ಯು, ಎಕ್ಸ್, ವೈ ಎಂಬ ಹನ್ನೊಂದು ಅಕ್ಷರಗಳು ಕನ್ನಡಿಯಲ್ಲಿ ಬದಲಾಗುವುದಿಲ್ಲ. ಮಕ್ಕಳು ಒಮ್ಮೆ 'ಅಮ್ಮ' ಎಂಬುದನ್ನು ಎ, ಎಂ, ಎಂ, ಎ ಎಂದು ಇಂಗ್ಲಿಷಿನಲ್ಲಿ ಬರೆದು ಕನ್ನಡಿಗೆ ಹಿಡಿದು ನೋಡಲಿ. ಅಮ್ಮ ಕನ್ನಡಿಯಲ್ಲೂ ಅಮ್ಮನೇ! 'ಅಪ್ಪ' ಎಂದು ಬರೆದರೆ ಮಾತ್ರ ನಡುವಿನ ಎರಡು 'ಪಿ'ಗಳು ಮುಖ ತಿರುಗಿಸಿ ನಿಲ್ಲುತ್ತವೆ. ಇದರ ಮೇಲೆ ಮನೆಯಲ್ಲಿ ಎಷ್ಟು ಬೇಕಾದರೂ ನಗಬಹುದು, ಜೊತೆಗೆ ಸಮಮಿತಿಯ ಪಾಠವೂ ಮುಗಿಯುತ್ತದೆ.

ಹೀಗೆ ತಿರುಗಿಸಿ ಯೋಚಿಸುವ ವಿದ್ಯೆ ಹೊಸದಲ್ಲ. ಸಿಂಧೂ ಕಣಿವೆಯ ಜನ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಪುಟ್ಟ ಬಳಪದ ಕಲ್ಲಿನ ಬಿಲ್ಲೆಗಳ ಮೇಲೆ ಪ್ರಾಣಿಗಳನ್ನೂ ಲಿಪಿಯನ್ನೂ ತಗ್ಗಾಗಿ, ತಿರುಗಿಸಿ ಕೆತ್ತುತ್ತಿದ್ದರು. ಹಸಿ ಜೇಡಿಯ ಮೇಲೆ ಒತ್ತಿದಾಗ ಅವು ಉಬ್ಬಾಗಿ, ಸರಿಯಾಗಿ ಮೂಡುತ್ತಿದ್ದವು. ಬಳಪದ ಕಲ್ಲು ಮೃದು, ಕೆತ್ತಲು ಸುಲಭ. ಬೇಲೂರು, ಹಳೇಬೀಡಿನ ಶಿಲ್ಪಿಗಳು ಸೂಕ್ಷ್ಮ ಕೆತ್ತನೆಗೆ ಆರಿಸಿಕೊಂಡದ್ದೂ ಆ ಜಾತಿಯ ಕಲ್ಲನ್ನೇ. ಊರೂರಿನ ಪ್ರೆಸ್ಸುಗಳಲ್ಲಿ ಮದುವೆಯ ಕರೆಯೋಲೆಗಳನ್ನು ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ, ಮೊಳೆ ಜೋಡಿಸುವವರು ಕನ್ನಡವನ್ನು ಹಿಂದುಮುಂದಾಗಿ ಸರಾಗವಾಗಿ ಓದುತ್ತಿದ್ದರು.

ಕಣ್ಣು ಕಾಣದವರಿಗಾಗಿ ಫ್ರಾನ್ಸಿನ ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಲಿಪಿ ಇದಕ್ಕಿಂತ ಸುಂದರವಾದ ಉದಾಹರಣೆ. ಪಟ್ಟಿ ಮತ್ತು ಮೊನೆಯ ಕಡ್ಡಿಯಿಂದ ಬ್ರೈಲ್ ಬರೆಯುವವರು ಕಾಗದದ ಹಿಂಬದಿಯಿಂದ ಚುಕ್ಕೆ ಚುಚ್ಚುತ್ತಾರೆ. ಚುಕ್ಕೆ ಉಬ್ಬುವುದು ಮುಂಬದಿಯಲ್ಲಿ. ಆದ್ದರಿಂದ ಅವರು ಬಲದಿಂದ ಎಡಕ್ಕೆ, ಪ್ರತಿ ಅಕ್ಷರವನ್ನೂ ತಿರುಗಿಸಿ ಬರೆಯಬೇಕು. ಹಾಳೆ ಮಗುಚಿದಾಗ ಓದುವವರ ಬೆರಳಿಗೆ ಅದು ಎಡದಿಂದ ಬಲಕ್ಕೆ ನೇರವಾಗಿ ಸಿಗುತ್ತದೆ.

ಕನ್ನಡಿಯ ಪಾಠದ ತಿರುಳೂ ಇದೇ. ಅಚ್ಚು ಕೆತ್ತುವವರಿಗೆ ತಮ್ಮ ಕೆಲಸ ಕೊನೆಯವರೆಗೂ ತಿರುಗುಮುರುಗಾಗಿಯೇ ಕಾಣುತ್ತದೆ. ಅದು ನೇರವಾಗುವುದು ಪಡೆಯುವವರ ಕಣ್ಣಿಗೆ ಮಾತ್ರ. ಆದ್ದರಿಂದ 'ನನಗೆ ಹೇಗೆ ಕಾಣುತ್ತದೆ' ಎಂಬುದನ್ನು ಬದಿಗಿಟ್ಟು 'ಅವರಿಗೆ ಹೇಗೆ ಕಾಣುತ್ತದೆ' ಎಂದು ಹೆಜ್ಜೆಹೆಜ್ಜೆಗೂ ಕೇಳಿಕೊಳ್ಳಬೇಕಾಗುತ್ತದೆ. ಇದು ಬರಿಯ ಬೆಳಕಿನ ಪಾಠವಲ್ಲ.

ಒಂದು ಮನೆಯ ಸಂಗತಿ

ತುಮಕೂರಿನ ಒಂದು ಮನೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. ಏಳನೇ ತರಗತಿಯ ಹುಡುಗಿಗೆ ತಿಪಟೂರಿನ ಹತ್ತಿರದ ಹಳ್ಳಿಯಲ್ಲಿರುವ ಅಜ್ಜಿಗೆ ಸಂಕ್ರಾಂತಿ ಕಾರ್ಡು ಕಳಿಸುವ ಆಸೆ. ಒಂದು ರಬ್ಬರು ಹಿಡಿದು ನಾಲ್ಕು ಸಂಜೆ ಕೂತು, ಒಂದು ತೆಂಗಿನ ಮರ, ಅದರ ಕೆಳಗೆ 'ಅಜ್ಜಿ' ಎಂಬ ಅಕ್ಷರಗಳನ್ನು ಕೆತ್ತಿದಳು. ಒತ್ತಿ ನೋಡಿದರೆ ಮರವೇನೋ ಸರಿ, ಅಜ್ಜಿ ಮಾತ್ರ ಉಲ್ಟಾ! ಹುಡುಗಿಯ ಮುಖ ಸಣ್ಣದಾಯಿತು.

ಅವಳ ಅಪ್ಪನಿಗೆ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮಗಳ ಮೇಲೆ ಪ್ರೀತಿಯುಳ್ಳ ಮನುಷ್ಯ. ಅವಳ ಕೈಯಲ್ಲಿ ಬ್ಲೇಡು ನೋಡಿದಾಗಲೇ ಅವನ ಎದೆ ಹೊಡೆದುಕೊಂಡಿತ್ತು. "ತಾ ಇಲ್ಲಿ ಪುಟ್ಟಿ, ಇದೆಲ್ಲ ನಿನ್ನ ಕೈಲಾಗೋ ಕೆಲಸ ಅಲ್ಲ" ಎಂದು ಎಲ್ಲವನ್ನೂ ಎತ್ತಿಟ್ಟ. ಮಾರನೆಯ ಸಂಜೆ ಕೋರ್ಟಿನ ಹತ್ತಿರದ ಅಂಗಡಿಯಿಂದ ಒಂದು ಸ್ಟಾಂಪು ಮಾಡಿಸಿ ತಂದ. ಕಂಪ್ಯೂಟರಿನ ಅಚ್ಚುಕಟ್ಟಾದ ಅಕ್ಷರ, 'ಸಂಕ್ರಾಂತಿಯ ಹಾರ್ದಿಕ ಶುಭಾಶಯಗಳು'. ಶಾಯಿಯೂ ಅದರೊಳಗೇ. ಮೇಲಿನಿಂದ ಅದುಮಿದರೆ ಟಕ್ಕೆಂದು ಮೂಡುತ್ತದೆ.

ಹುಡುಗಿ ಹತ್ತು ನಿಮಿಷದಲ್ಲಿ ಹನ್ನೆರಡು ಕಾರ್ಡು ಒತ್ತಿದಳು. ಒಂದರಲ್ಲೂ ತಪ್ಪಿಲ್ಲ. ಆಮೇಲೆ ಸ್ಟಾಂಪನ್ನು ಮೇಜಿನ ಮೇಲಿಟ್ಟು ಎದ್ದು ಹೋದವಳು ಎರಡು ದಿನ ಅತ್ತ ಸುಳಿಯಲಿಲ್ಲ. ಯಾರಿಗೆ ಕಳಿಸಬೇಕೆಂದು ಕೇಳಿದರೆ "ಯಾರಿಗಾದ್ರೂ ಕಳಿಸಿ" ಎಂದಳು. ನಾಲ್ಕು ಸಂಜೆ ಅಜ್ಜಿಗಾಗಿ ಕೂತಿದ್ದ ಮಗು ಆಡಿದ ಮಾತು ಇದು. ಅಪ್ಪನಿಗೆ ಇದು ಕೇಳಿಸಿತೋ ಇಲ್ಲವೋ, ಅಮ್ಮನಿಗೆ ಕೇಳಿಸಿತು.

ಅಮ್ಮ ಏನೂ ಉಪದೇಶ ಮಾಡಲಿಲ್ಲ. ಅಡಿಗೆಮನೆಯಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದವಳು ತೊಟ್ಟಿನ ಕಡೆಯ ತುಂಡೊಂದನ್ನು ಮಗಳ ಕೈಗಿಟ್ಟು "ಇದನ್ನ ಒತ್ತಿ ನೋಡು" ಎಂದಳು. ಕಾಗದದ ಮೇಲೆ ಐದು ಎಸಳಿನ ನೇರಳೆ ಹೂ ಬಂತು. ಬೆಂಡೆಯೂ ದಾಸವಾಳವೂ ಒಂದೇ ಕುಟುಂಬದ ಗಿಡಗಳು. ದಾಸವಾಳಕ್ಕೆ ಐದು ಎಸಳು, ಬೆಂಡೆಕಾಯಿಗೆ ಸಾಮಾನ್ಯವಾಗಿ ಐದು ಕೋಣೆ. ಹುಡುಗಿ ಒಂದಾದ ಮೇಲೊಂದು ಹೂ ಒತ್ತುತ್ತಾ ಹೋದಳು. ಆಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅಜ್ಜಿಗೆ ಇದು ಕಾಣ್ಬೇಕಲ್ಲ?"

ಅಜ್ಜಿಯ ಒಂದು ಕಣ್ಣಿನ ಪೊರೆ ತೆಗೆಸಿ ಆಗಿತ್ತು, ಇನ್ನೊಂದಕ್ಕೆ ಇನ್ನೂ ಆಗಿರಲಿಲ್ಲ. ಸಣ್ಣ ಅಕ್ಷರ ಅವರಿಗೆ ಮಸಿಯ ಗೆರೆಯಂತೆ ಕಾಣುತ್ತಿತ್ತು. ಅಪ್ಪನ ಸ್ಟಾಂಪಿನ ಅಕ್ಷರವೂ ಅಷ್ಟೇ, ಹುಡುಗಿಯ ಅಕ್ಷರವೂ ಅಷ್ಟೇ. ನೇರವೋ ಉಲ್ಟಾವೋ, ಅಜ್ಜಿಗೆ ಎರಡೂ ಒಂದೇ!

ಬೆರಳಿಗೆ ಕಾಣುವ ಕಾರ್ಡು

ಹುಡುಗಿ ಯೋಚಿಸಿದಳು. ಅಜ್ಜಿ ಮೊರದಲ್ಲಿ ಅಕ್ಕಿ ಹರವಿಕೊಂಡು, ಎತ್ತಲೋ ನೋಡುತ್ತಾ ಮಾತಾಡುತ್ತಾ, ಬೆರಳಿನಲ್ಲೇ ಕಲ್ಲು ಹುಡುಕಿ ತೆಗೆಯುವುದು ನೆನಪಾಯಿತು. ಕಣ್ಣಿಗೆ ಕಾಣದ್ದು ಆ ಬೆರಳಿಗೆ ಕಾಣುತ್ತದೆ. ಹಾಗಾದರೆ ಕಾರ್ಡನ್ನು ಬೆರಳಿಗೇ ಏಕೆ ಬರೆಯಬಾರದು?

ಅಪ್ಪ ಎತ್ತಿಟ್ಟಿದ್ದ ರಬ್ಬರು ಮತ್ತೆ ಕೆಳಗಿಳಿಯಿತು. ಉಲ್ಟಾ ಅಜ್ಜಿಯನ್ನು ಕತ್ತರಿಸಿ ತೆಗೆದು ಮರವನ್ನಷ್ಟೇ ಉಳಿಸಿಕೊಂಡಳು. ಮರದ ಮೇಲೆ ಶಾಯಿಗೆ ಬದಲು ಬ್ರಷ್ಷಿನಿಂದ ತೆಳ್ಳಗೆ ಗೋಂದು ಬಳಿದು ಕಾರ್ಡಿನ ಮೇಲೆ ಒತ್ತಿದಳು. ಗೋಂದು ಆರುವ ಮೊದಲೇ ಮೇಲೆ ರಾಗಿ ಉದುರಿಸಿ, ಅಂಟದೆ ಉಳಿದದ್ದನ್ನು ಕೊಡವಿದಳು. ಗೋಂದು ಇದ್ದಲ್ಲೆಲ್ಲ ರಾಗಿ ನಿಂತಿತು, ತೆಂಗಿನ ಮರ ಉಬ್ಬಾಗಿ ಎದ್ದಿತು. ಮೊದಲ ಮೂರು ಕೆಟ್ಟವು. ಒಂದರಲ್ಲಿ ಗೋಂದು ಹೆಚ್ಚಾಗಿ ಮರ ಮುದ್ದೆಯಾಯಿತು, ಒಂದರಲ್ಲಿ ಕಡಿಮೆಯಾಗಿ ಗರಿ ಉದುರಿತು, ಇನ್ನೊಂದರಲ್ಲಿ ಕೈ ಅಲುಗಿ ಎರಡು ಮರವಾಯಿತು. ನಾಲ್ಕನೆಯದು ಸರಿಬಂತು. ಸುತ್ತಲೂ ಬೆಂಡೆಯ ಹೂಗಳನ್ನು ಒತ್ತಿದಳು.

ಎರಡು ಕಾರ್ಡುಗಳೂ ಒಂದೇ ಲಕೋಟೆಯಲ್ಲಿ ಹೋದವು. ಹಬ್ಬದ ಮರುದಿನ ಅಜ್ಜಿಯ ಫೋನು ಬಂತು. ಅಪ್ಪನ ಕಾರ್ಡು ಕೈಗೆತ್ತಿಕೊಂಡು ಅವರು ಕೇಳಿದರಂತೆ, "ಇದು ಅಂಗಡೀದು ಅಲ್ವೇನೋ?" ಇನ್ನೊಂದರ ಮೇಲೆ ಬೆರಳಾಡಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನಮ್ಮ ತೆಂಗಿನ ಮರ. ಅಲ್ಲ ಕಣೇ ಪುಟ್ಟಿ, ರಾಗಿ ಯಾಕೆ ದಂಡ ಮಾಡ್ದೆ?" ಎಂದರು. ಬೈಗುಳ ಇಷ್ಟು ಸಿಹಿಯಾಗಿರುವುದು ಅಜ್ಜಿಯಂದಿರ ಬಾಯಲ್ಲಿ ಮಾತ್ರ.

ಮೂರು ವಾರದ ಮೇಲೆ ಮತ್ತೊಂದು ಫೋನು. ದೇವರ ಗೂಡಿನ ಪಕ್ಕ ಇಟ್ಟಿದ್ದ ಕಾರ್ಡಿನ ಮೇಲೆ ಇಲಿಯ ಕಣ್ಣು ಬಿದ್ದಿತ್ತು. "ನಿನ್ನ ಮರದ ಗರಿಯೆಲ್ಲ ಇಲಿ ತಿಂದ್ಕೊಂಡು ಹೋಯ್ತು, ಯುಗಾದಿಗೆ ಇನ್ನೊಂದು ಕಳಿಸು." ಮೊಬೈಲಿನ ಚಿತ್ರವನ್ನು ಇಲಿ ತಿನ್ನಲಾರದು, ನಿಜ. ಆದರೆ ಆ ಚಿತ್ರ ಅಳಿಸಿಹೋಯಿತೆಂದು ಫೋನು ಮಾಡಿ ಇನ್ನೊಂದು ಕೇಳುವವರು ಯಾರಿದ್ದಾರೆ?

ಯುಗಾದಿಯ ಕಾರ್ಡು ಮಾಡುವಾಗ ಅಪ್ಪನೂ ಪಕ್ಕದಲ್ಲಿ ಬಂದು ಕೂತ. ಈ ಸಲ ಬ್ಲೇಡು ಕೇಳಲಿಲ್ಲ. "ನಾನೇನು ಮಾಡ್ಲಿ?" ಎಂದ. ಮಗಳು ಲಕೋಟೆಯನ್ನು ಅವನ ಮುಂದೆ ತಳ್ಳಿ "ಅಡ್ರೆಸ್ ಬರಿ" ಎಂದಳು. ತಾಯಿಯ ಹೆಸರನ್ನು ತನ್ನ ಕೈಯಾರೆ ಬರೆದು ಎಷ್ಟು ವರ್ಷವಾಗಿತ್ತೋ, ಅವನು ಪಿನ್‌ಕೋಡಿಗಾಗಿ ಸ್ವಲ್ಪ ತಡಕಾಡಿದ. ಹೆಸರಿಗೆ ತಡಕಾಡಲಿಲ್ಲ.

ಮಾಡುವ ಬಗೆ

ಈ ಕೆಲಸಕ್ಕೆ ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ದೊಡ್ಡ ಮೆತ್ತನೆಯ ರಬ್ಬರು, ಮೆದು ಪೆನ್ಸಿಲು, ಬೆಣ್ಣೆ ಕಾಗದ, ಶಾಯಿಯ ಪ್ಯಾಡು, ದಪ್ಪ ಹಾಳೆ. ಹಾಳೆಗೆ ದುಡ್ಡು ಕೊಡಬೇಕಾಗಿಲ್ಲ. ಮನೆಯಲ್ಲಿ ರಾಶಿ ಬಿದ್ದಿರುವ ಮದುವೆಯ ಕರೆಯೋಲೆಗಳ ಖಾಲಿ ಬೆನ್ನು ಸಾಕು. ಆದರೆ ನುಣುಪಾಗಿ ಹೊಳೆಯುವ ಬದಿ ಬೇಡ. ಪ್ಯಾಡಿನ ಶಾಯಿ ಬೇಗ ಒಣಗದಿರಲೆಂದು ಅದರಲ್ಲಿ ಗ್ಲಿಸರಿನ್ನಿನಂಥ ಆವಿಯಾಗದ ದ್ರವ ಬೆರೆಸಿರುತ್ತಾರೆ. ಅದು ಕಾಗದದ ನಾರಿನೊಳಗೆ ಇಳಿದೇ ಒಣಗಬೇಕು. ಹೊಳೆಯುವ ಲೇಪದೊಳಗೆ ಇಳಿಯಲು ದಾರಿಯಿಲ್ಲದೆ ಮೇಲೆಯೇ ನಿಂತು ಒರೆಸಿದರೆ ಹರಡುತ್ತದೆ.

ಚಿತ್ರವನ್ನು ಬೆಣ್ಣೆ ಕಾಗದದ ಮೇಲೆ ಪೆನ್ಸಿಲಿನಿಂದ ದಪ್ಪವಾಗಿ ಬರೆಯಬೇಕು. ಕಾಗದವನ್ನು ಮಗುಚಿ ರಬ್ಬರಿನ ಮೇಲಿಟ್ಟು ಹಿಂಬದಿಯನ್ನು ಉಗುರಿನಿಂದ ಉಜ್ಜಿದರೆ ಸೀಸದ ಪುಡಿ ರಬ್ಬರಿಗೆ ಅಂಟಿ ಚಿತ್ರ ತಾನಾಗಿ ತಿರುಗಿ ಕೂರುತ್ತದೆ. ತಿರುಗಿಸುವ ತಲೆನೋವು ಇಲ್ಲಿಗೆ ಮುಗಿಯಿತು. ಆಮೇಲೆ ಬಿಳಿಯಾಗಿ ಉಳಿಯಬೇಕಾದ ಭಾಗವನ್ನೆಲ್ಲ ತೆಗೆಯಬೇಕು, ಶಾಯಿ ಹಿಡಿಯಬೇಕಾದ ಗೆರೆಯನ್ನು ಮುಟ್ಟಬಾರದು. ಗೆರೆಯ ಎರಡೂ ಬದಿಯನ್ನು ನೇರವಾಗಿ ಕಡಿಯದೆ, ಗದ್ದೆಯ ಬದುವಿನಂತೆ ಬುಡ ಅಗಲವಾಗಿರುವಂತೆ ಓರೆಯಾಗಿ ಕೊಯ್ಯಬೇಕು. ಇಲ್ಲದಿದ್ದರೆ ಒತ್ತಿದಾಗ ಗೆರೆ ಬಾಗುತ್ತದೆ.

ಹರಿತವಾದ ಸಾಧನ ಹಿರಿಯರ ಕಣ್ಣೆದುರಿನಲ್ಲೇ ಬಳಕೆಯಾಗಬೇಕು. ರಬ್ಬರು ಹಿಡಿದ ಕೈಯ ಕಡೆಗೆ ಎಂದೂ ಕೊಯ್ಯಬಾರದು. ಚಿಕ್ಕ ಮಕ್ಕಳಿಗೆ ಬ್ಲೇಡೇ ಬೇಡ. ಮುಗಿದ ಬಾಲ್‌ಪೆನ್ನಿನಿಂದ ರಬ್ಬರಿನ ಮೇಲೆ ಒತ್ತಿ ಗೀಚಿದರೂ ತಗ್ಗಾದ ಗೆರೆ ಬಿಳಿಯಾಗಿ ಮೂಡುತ್ತದೆ. ಇನ್ನೂ ಚಿಕ್ಕವರಿಗೆ ತರಕಾರಿಯೇ ಸಾಕು. ಬೆಂಡೆಕಾಯಿ, ಅಡ್ಡ ಕೊಯ್ದ ನಿಂಬೆ, ಬಾಳೆಲೆಯ ದಂಟು, ಈರುಳ್ಳಿ. ಆಲೂಗಡ್ಡೆಯ ಕೊಯ್ದ ಮುಖ ನೀರಾಡುತ್ತದೆ. ಬಟ್ಟೆಯಿಂದ ಒರೆಸಿ ಸ್ವಲ್ಪ ಹೊತ್ತು ಬಿಟ್ಟು ಬಣ್ಣ ಹಚ್ಚಬೇಕು.

ಒತ್ತುವಾಗ ಅಚ್ಚನ್ನು ನೇರವಾಗಿ ಇಳಿಸಿ, ಅಲುಗಿಸದೆ ಅದುಮಿ, ನೇರವಾಗಿ ಎತ್ತಬೇಕು. ಮೊದಲು ಹಳೆಯ ಪತ್ರಿಕೆಯ ಮೇಲೆ ಒತ್ತಿ ನೋಡುವುದು ಒಳ್ಳೆಯದು. ಹಾಳೆಯ ಕೆಳಗೆ ನಾಲ್ಕು ಮಡಿಕೆ ಪತ್ರಿಕೆ ಹಾಸಿದರೆ ಮುದ್ರೆ ಸಮನಾಗಿ ಬೀಳುತ್ತದೆ. ನೇರಳೆ ಪ್ಯಾಡುಗಳಲ್ಲಿ ಬಳಕೆಯಲ್ಲಿರುವ ಮಿಥೈಲ್ ವಯೊಲೆಟ್ ಬಣ್ಣವೂ, ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಿಡಿಸುವ ಕ್ರಿಸ್ಟಲ್ ವಯೊಲೆಟ್ಟೂ ಒಂದೇ ಮನೆತನದವು. ಬೆರಳಿಗೆ ಹತ್ತಿದರೆ ಒಂದೆರಡು ದಿನ ಬಿಡುವುದಿಲ್ಲ. ಬಾಯಿಗೆ ಹೋಗದಂತೆ ಎಚ್ಚರವಿರಲಿ, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಲಿ.

ಹಿರಿಯರಿಗೆ ಒಂದು ಮಾತು

ಇಂದು ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟರೆ ಅದು ಮಕ್ಕಳಿಗೆ ಕೊಟ್ಟದ್ದೋ ತಂದೆತಾಯಿಗೆ ಕೊಟ್ಟದ್ದೋ ತಿಳಿಯುವುದಿಲ್ಲ. ಜ್ವಾಲಾಮುಖಿಯನ್ನು ಅಪ್ಪ ಕಟ್ಟುತ್ತಾರೆ, ಹೃದಯದ ಚಿತ್ರಕ್ಕೆ ಅಮ್ಮ ಬಣ್ಣ ತುಂಬುತ್ತಾರೆ, ಉಳಿದದ್ದು ಸ್ಟೇಷನರಿ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದೆ. ವಿಜ್ಞಾನ ಮೇಳದ ಮೇಜಿನ ಮೇಲೆ ಎಲ್ಲವೂ ಅಚ್ಚುಕಟ್ಟು. ಅದರ ಹಿಂದೆ ನಿಂತ ಮಗುವಿಗೆ 'ಇದು ಹೇಗೆ ಕೆಲಸ ಮಾಡುತ್ತದೆ' ಎಂದು ಕೇಳಿದರೆ ಅದು ಅಪ್ಪನ ಮುಖ ನೋಡುತ್ತದೆ. ಮಗುವಿನ ಸೊಟ್ಟ ಗೆರೆಯನ್ನು ತಿದ್ದುವಾಗ ಹಿರಿಯರಿಗೆ ಕಾಣುವುದು ಗೆರೆ ಮಾತ್ರ. ಅದರ ಜೊತೆಗೆ ಮಗುವಿನ ಕೈಯಿಂದ ಜಾರಿಹೋಗುವುದು ಏನೆಂದು ಕಾಣುವುದಿಲ್ಲ.

ಹಿರಿಯರು ದೂರ ಸರಿಯಬೇಕೆಂದು ಇದರ ಅರ್ಥವಲ್ಲ. ಬ್ಲೇಡು ಇರುವಲ್ಲಿ ಪಕ್ಕದಲ್ಲಿರಲೇಬೇಕು. ಹೇಗೆ ಹಿಡಿಯಬೇಕೆಂದು ತೋರಿಸಬೇಕು. ಕೆಟ್ಟ ಮೂರು ಕಾರ್ಡನ್ನು ಕಂಡು ನಾಲ್ಕನೆಯದಕ್ಕೆ ಕಾಯುವ ತಾಳ್ಮೆ ಬೇಕು. ಎಡ ಬಲವಾದದ್ದು ಏಕೆಂದು ಮಗು ತಾನೇ ಕನ್ನಡಿ ತಂದು ನೋಡುವ ತನಕ ಉತ್ತರವನ್ನು ನಾಲಿಗೆಯ ತುದಿಯಲ್ಲಿ ತಡೆದು ಹಿಡಿಯಬೇಕು. ಇದು ಕೆತ್ತುವುದಕ್ಕಿಂತ ಕಷ್ಟದ ಕೆಲಸ.

ಮಕ್ಕಳೂ ಒಂದು ವಿಷಯ ನೆನಪಿಡಬೇಕು. ಕಾರ್ಡು ಮಾಡಲು ಕೂರುವಾಗ 'ಯಾವ ಚಿತ್ರ' ಎಂದು ಮೊದಲು ಯೋಚಿಸಬೇಡಿ. 'ಯಾರಿಗೆ' ಎಂದು ಯೋಚಿಸಿ. ಬೇರೆ ಊರಿಗೆ ಹೋದ ಗೆಳೆಯನಿಗೋ, ಕಾಯಿಲೆಯಿಂದ ತಿಂಗಳುಗಟ್ಟಲೆ ಶಾಲೆಗೆ ಬಾರದ ಸಹಪಾಠಿಗೋ, ಬಿಸಿಯೂಟ ಬಡಿಸುವ ಅಕ್ಕನಿಗೋ? ಅವರಿಗೆ ಏನು ಕಾಣುತ್ತದೆ, ಏನು ಇಷ್ಟ, ಏನು ಕಂಡರೆ ನಗು ಬರುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಚಿತ್ರ ತಾನಾಗಿ ಹೊಳೆಯುತ್ತದೆ. ನೂರು ಜನಕ್ಕೆ ಮಾಡಬೇಕಾಗಿಲ್ಲ. ಉಳಿದವರಿಗೆ ಬೇಕಾದರೆ ಮೊಬೈಲಿನಲ್ಲೇ ಕಳಿಸಿ, ತಪ್ಪೇನೂ ಇಲ್ಲ. ವರ್ಷಕ್ಕೆ ಒಬ್ಬರಿಗಾದರೂ ಕೈಯಾರೆ ಕೆತ್ತಿ, ಒತ್ತಿ, ವಿಳಾಸ ಬರೆದು ಅಂಚೆ ಡಬ್ಬಿಗೆ ಹಾಕಿ ನೋಡಿ.

ಎಳ್ಳು ಬೆಲ್ಲ ಕೊಡುವಾಗ ಒಳ್ಳೆಯ ಮಾತಾಡಬೇಕೆಂದು ನಮ್ಮ ಹಿರಿಯರು ಹೇಳುತ್ತ ಬಂದರು. ಒಳ್ಳೆಯ ಮಾತು ಎಂದರೆ ಅಲಂಕಾರದ ಮಾತಲ್ಲ, ಎದುರಿಗಿರುವವರನ್ನು ನೋಡಿ ಆಡಿದ ಮಾತು. ಅಂಥ ಮಾತು ಎರಡಂಗುಲ ರಬ್ಬರಿನ ಮೇಲೂ ಹಿಡಿಸುತ್ತದೆ. ಮುದ್ರೆ ಸ್ವಲ್ಪ ಓರೆಯಾದರೆ ಹಾಗೇ ಬಿಡಿ. ಅದು ಯಾರ ಕೈಯದೆಂದು ಪಡೆದವರಿಗೆ ಗೊತ್ತಾಗುವುದು ಆ ಓರೆಯಿಂದಲೇ.